ಹೆಪಟೈಟಿಸ್: ಹೇಗೆ ಅಂಟುತ್ತದೆ, ಯಕೃತ್ತಿಗೆ ಏನು ಮಾಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ, ರಿಪೋರ್ಟ್ ಕೈಗೆ ಸಿಕ್ಕ ಕೂಡಲೇ ಜನ ಏನು ಕೇಳುತ್ತಾರೆ ಅನ್ನುವುದು ಬಾಯಿಪಾಠವಾಗಿಬಿಟ್ಟಿದೆ. ಕೆಲವರು ಜೋರಾಗಿ ಕೇಳುತ್ತಾರೆ, ಕೆಲವರು ಬೇರೆಯವರೆಲ್ಲ ಹೋಗುವ ತನಕ ಕಾದು ಮೆಲ್ಲಗೆ ಕೇಳುತ್ತಾರೆ. ಎರಡೂ ಬಗೆಯ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಚಿಕಿತ್ಸೆ ಹೇಳಬೇಕಾದವರು ವೈದ್ಯರೇ. ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದು ಇದರಿಂದ ಗೊತ್ತಾದರೆ ನನಗೆ ಅಷ್ಟು ಸಾಕು.

ಹೆಪಟೈಟಿಸ್ ಅಂದರೆ ಕಾಮಾಲೆ ತಾನೆ?

ಅಲ್ಲ. ಈ ತಪ್ಪು ತಿಳಿವಳಿಕೆಯೊಂದು ಹೋದರೆ ಅರ್ಧ ಕೆಲಸ ಆದ ಹಾಗೆ. ಹೆಪಟೈಟಿಸ್ ಅಂದರೆ ಯಕೃತ್ತಿನ ಉರಿಯೂತ. ಅದು ವೈರಸ್‌ನಿಂದ ಬರಬಹುದು, ಮದ್ಯದಿಂದ ಬರಬಹುದು, ಯಕೃತ್ತಿನಲ್ಲಿ ಕೊಬ್ಬು ಕೂತು ಬರಬಹುದು, ಕೆಲವು ಔಷಧಿಗಳಿಂದ ಬರಬಹುದು, ಅಪರೂಪಕ್ಕೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದೂ ಬರಬಹುದು. ಕಾಮಾಲೆ ಅನ್ನುವುದು ಬರೀ ಒಂದು ಗುರುತು. ಕೆಂಪು ರಕ್ತಕಣಗಳು ಸುಮಾರು 120 ದಿನ ಬಾಳಿ ಒಡೆಯುತ್ತವೆ. ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ಹಿಡಿದು ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಯಕೃತ್ತು ಸೋತರೆ ಅದು ರಕ್ತದಲ್ಲೇ ಉಳಿದು, ಮೊದಲು ಕಣ್ಣಿನ ಬಿಳಿಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿಯಾಗುತ್ತದೆ. ರಕ್ತಕಣಗಳು ವಿಪರೀತ ಒಡೆದರೂ ಆಗುತ್ತದೆ. ಹಾಗಾಗಿ ಕಾಮಾಲೆ ಬಂದವರಿಗೆಲ್ಲ ಹೆಪಟೈಟಿಸ್ ಇರುವುದಿಲ್ಲ, ಹೆಪಟೈಟಿಸ್ ಇದ್ದವರಿಗೆಲ್ಲ ಕಾಮಾಲೆ ಬರುವುದಿಲ್ಲ.

ಇದು ನನ್ನ ಕಣ್ಣೆದುರಿಗೇ ದಿನವೂ ಕಾಣುತ್ತದೆ. ರಕ್ತದ ನಳಿಕೆಗಳನ್ನು ಯಂತ್ರದಲ್ಲಿಟ್ಟು ತಿರುಗಿಸಿದಾಗ ಕೆಂಪು ಕಣಗಳೆಲ್ಲ ತಳಕ್ಕೆ ಕೂತು ಮೇಲೆ ತಿಳಿಯಾದ ಸೀರಮ್ ನಿಲ್ಲುತ್ತದೆ. ಕಾಮಾಲೆ ಇದ್ದವರ ಸೀರಮ್ ಕಡು ಅರಿಶಿನದ ಬಣ್ಣ, ದೂರದಿಂದಲೇ ಗೊತ್ತಾಗುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ನಳಿಕೆ, ಯಾವುದೋ ಶಸ್ತ್ರಚಿಕಿತ್ಸೆಗೆ ಮುಂಚೆ ತೆಗೆದ ರಕ್ತ. ಸೀರಮ್ ಒಣಹುಲ್ಲಿನಷ್ಟೇ ತೆಳುವಾದ ಹಳದಿ, ಯಾರದ್ದಾದರೂ ಹಾಗೇ ಇರುತ್ತದೆ. ಅರಿಶಿನದ ನಳಿಕೆಯವರಿಗೆ ಹೆಪಟೈಟಿಸ್ ಎ ಇದ್ದರೆ ಕೆಲವು ವಾರಗಳಲ್ಲಿ ಪೂರ್ತಿ ಗುಣವಾಗುತ್ತದೆ. ತಿಳಿಯಾದ ನಳಿಕೆ ಹೆಪಟೈಟಿಸ್ ಬಿ ಪಾಸಿಟಿವ್ ಬಂದರೆ ಆ ವ್ಯಕ್ತಿಗೆ ಅದು ಜೀವನಪೂರ್ತಿಯ ಮಾತಾಗಬಹುದು, ಮತ್ತು ಆ ಕ್ಷಣದವರೆಗೆ ಅವರಿಗೆ ಅದರ ಸುಳಿವೇ ಇರುವುದಿಲ್ಲ. ನನ್ನ ಚಿಂತೆಯೆಲ್ಲ ಆ ಎರಡನೆಯ ನಳಿಕೆಯವರದ್ದು.

ಎ, ಬಿ, ಸಿ, ಡಿ, ಇ ಎಂದರೆ ಒಂದೇ ರೋಗದ ಐದು ಹಂತಗಳೇ?

ಖಂಡಿತ ಅಲ್ಲ. ಎ ಉಲ್ಬಣಿಸಿ ಬಿ ಆಗುವುದಿಲ್ಲ, ಬಿ ಮುಂದುವರಿದು ಸಿ ಆಗುವುದಿಲ್ಲ. ಇವು ಐದೂ ಬೇರೆ ಬೇರೆ ವೈರಸ್‌ಗಳು. ಯಕೃತ್ತಿನಲ್ಲಿ ಬಿಡಾರ ಹೂಡುತ್ತವೆ ಅನ್ನುವುದೊಂದೇ ಇವುಗಳ ಸಂಬಂಧ. ನೆನಪಿಡಲು ಸುಲಭದ ದಾರಿ ಒಂದಿದೆ: ಎ ಮತ್ತು ಇ ಬಾಯಿಯ ಮೂಲಕ ಬರುತ್ತವೆ, ಬಿ, ಸಿ ಮತ್ತು ಡಿ ರಕ್ತ ಮತ್ತು ದೇಹದ್ರವಗಳ ಮೂಲಕ ಬರುತ್ತವೆ. ಬಾಯಿಯಿಂದ ಬಂದವು ಸಾಮಾನ್ಯವಾಗಿ ಬಂದು ಹೋಗುತ್ತವೆ. ರಕ್ತದಿಂದ ಬಂದವು ತಳವೂರಬಹುದು.

ನೀರಿನಿಂದ ಬರುವ ಎ ಮತ್ತು ಇ ಹೇಗೆ ಹರಡುತ್ತವೆ?

ಸೋಂಕಿತರ ಮಲದಲ್ಲಿ ವೈರಸ್ ಹೊರಬೀಳುತ್ತದೆ. ಅದು ಕುಡಿಯುವ ನೀರಿಗೋ ಆಹಾರಕ್ಕೋ ಸೇರಿ ಇನ್ನೊಬ್ಬರ ಹೊಟ್ಟೆಗೆ ಹೋಗುತ್ತದೆ. ಚರಂಡಿಯ ನೀರು ಕುಡಿಯುವ ನೀರಿನ ಕೊಳವೆಗೆ ನುಗ್ಗಿದರೆ ಇಡೀ ಊರಿಗೆ ಊರೇ ಮಲಗಬಹುದು. 1955-56ರಲ್ಲಿ ದೆಹಲಿಯಲ್ಲಿ ಹೀಗೇ ಆಯಿತು. ಸುಮಾರು 29,000 ಜನರಿಗೆ ಕಾಮಾಲೆ ಬಂತು. ಆಗ ಅದನ್ನು ಎ ಎಂದೇ ತಿಳಿದಿದ್ದರು. ಕೂಡಿಟ್ಟಿದ್ದ ಸೀರಮ್ ಮಾದರಿಗಳನ್ನು ಬಹಳ ವರ್ಷಗಳ ನಂತರ ಪರೀಕ್ಷಿಸಿದಾಗ ಅದು ಹೆಪಟೈಟಿಸ್ ಇ ಅನ್ನುವುದು ಗೊತ್ತಾಯಿತು.

ಹೆಪಟೈಟಿಸ್ ಎ ಮೈಗೆ ಸೇರಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 14ರಿಂದ 28 ದಿನ ಬೇಕು. ಕಣ್ಣು ಹಳದಿಯಾಗುವ ಮುಂಚೆಯೇ ಮಲದಲ್ಲಿ ವೈರಸ್ ಅತಿ ಹೆಚ್ಚು ಇರುತ್ತದೆ. ಅಂದರೆ ರೋಗ ಇದೆ ಎಂದು ಗೊತ್ತಾಗುವ ಹೊತ್ತಿಗೆ ಹರಡುವ ಕೆಲಸ ಬಹುಪಾಲು ಮುಗಿದಿರುತ್ತದೆ. ಅದಕ್ಕೇ ಕೈ ತೊಳೆಯುವುದನ್ನು ರೋಗ ಬಂದ ಮೇಲೆ ಶುರುಮಾಡಿದರೆ ಪ್ರಯೋಜನ ಕಡಿಮೆ. ಸೋಪು ಹಾಕಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಈ ವೈರಸ್‌ಗಳ ಮೇಲೆ ಕೊಬ್ಬಿನ ಹೊದಿಕೆ ಇಲ್ಲದಿರುವುದರಿಂದ ಆಲ್ಕೋಹಾಲ್ ಸ್ಯಾನಿಟೈಸರ್ ಇವುಗಳ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ನೀರನ್ನು ಚೆನ್ನಾಗಿ ಕುದಿಸಿದರೆ ವೈರಸ್ ಸಾಯುತ್ತದೆ.

ಗರ್ಭಿಣಿಯರಿಗೆ ಹೆಪಟೈಟಿಸ್ ಇ ಅಪಾಯ ಎನ್ನುತ್ತಾರಲ್ಲ?

ನಿಜ, ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬೇಡಿ. ಬೇರೆಯವರಿಗೆ ಬಂದು ಹೋಗುವ ಇದೇ ಸೋಂಕು ಗರ್ಭದ ಕೊನೆಯ ಮೂರು ತಿಂಗಳಲ್ಲಿ ಬಂದರೆ ಯಕೃತ್ತು ಏಕಾಏಕಿ ಕೈಕೊಡಬಹುದು. ಆ ಹಂತದಲ್ಲಿ ಸೋಂಕು ತಗುಲಿದವರಲ್ಲಿ 100ಕ್ಕೆ 20ರಿಂದ 25 ಮಂದಿಯವರೆಗೆ ಪ್ರಾಣ ಕಳೆದುಕೊಳ್ಳಬಹುದು. ಗರ್ಭಿಣಿಯ ಕಣ್ಣು ಹಳದಿಯಾಗಿದ್ದರೆ ನಾಳೆ ನೋಡೋಣ ಎನ್ನದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಬಿ ಮತ್ತು ಸಿ ಹೇಗೆ ಅಂಟುತ್ತವೆ? ನಾನು ಯಾವ ತಪ್ಪೂ ಮಾಡಿಲ್ಲ, ನನಗೆ ಹೇಗೆ ಬಂತು?

ಈ ಎರಡನೆಯ ವಾಕ್ಯವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೊದಲು ಅದಕ್ಕೇ ಉತ್ತರ: ಇದು ಯಾರ ನಡತೆಗೂ ಬರೆದ ಸರ್ಟಿಫಿಕೇಟ್ ಅಲ್ಲ. ಜಗತ್ತಿನಲ್ಲಿ ಹೆಪಟೈಟಿಸ್ ಬಿ ಜೊತೆ ಬಾಳುತ್ತಿರುವ ಬಹಳಷ್ಟು ಜನರಿಗೆ ಅದು ಬಂದದ್ದು ಹುಟ್ಟುವಾಗ ತಾಯಿಯಿಂದ, ಇಲ್ಲವೇ ತೀರಾ ಎಳೆಯ ವಯಸ್ಸಿನಲ್ಲಿ. ಉಳಿದ ದಾರಿಗಳು ಇವು: ಸರಿಯಾಗಿ ಶುದ್ಧಿ ಮಾಡದ ಸೂಜಿ ಮತ್ತು ಸಿರಿಂಜ್, ಪರೀಕ್ಷಿಸದೆ ಕೊಟ್ಟ ರಕ್ತ, ಹಚ್ಚೆ ಹಾಕುವ ಮತ್ತು ಕಿವಿ ಚುಚ್ಚುವ ಉಪಕರಣ, ಹಂಚಿಕೊಂಡ ರೇಜರ್ ಅಥವಾ ಹಲ್ಲುಜ್ಜುವ ಬ್ರಷ್, ಮಾದಕವಸ್ತುವಿಗೆ ಹಂಚಿಕೊಂಡ ಸೂಜಿ, ಮತ್ತು ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ. ಲೈಂಗಿಕವಾಗಿ ಬಿ ಸುಲಭವಾಗಿ ಹರಡುತ್ತದೆ, ಸಿ ಅಷ್ಟಾಗಿ ಹರಡುವುದಿಲ್ಲ. ಸಿ ಮುಖ್ಯವಾಗಿ ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್.

ಬಿ ವೈರಸ್ ಬಲು ಗಟ್ಟಿ. ರೇಜರ್ ಬ್ಲೇಡಿನ ಅಂಚಿನಲ್ಲಿ ಒಣಗಿ ಕಂದುಬಣ್ಣಕ್ಕೆ ತಿರುಗಿದ, ಸಾಸಿವೆ ಕಾಳಿನಷ್ಟೂ ಇಲ್ಲದ ರಕ್ತದ ಕಲೆಯನ್ನು ಯೋಚಿಸಿ. ಅದರಲ್ಲಿ ಈ ವೈರಸ್ ಕನಿಷ್ಠ 7 ದಿನ ಸೋಂಕು ತಗುಲಿಸುವ ಶಕ್ತಿ ಉಳಿಸಿಕೊಂಡಿರಬಲ್ಲದು. ಲಸಿಕೆ ಹಾಕಿಸಿಕೊಳ್ಳದ ಆರೋಗ್ಯ ಕಾರ್ಯಕರ್ತರಿಗೆ ಸೋಂಕಿತ ಸೂಜಿ ಚುಚ್ಚಿಕೊಂಡರೆ ಬಿ ತಗುಲುವ ಸಾಧ್ಯತೆ ಶೇ. 6ರಿಂದ 30. ಎಚ್‌ಐವಿಗೆ ಅದು ಸುಮಾರು ಶೇ. 0.3. ಎಚ್‌ಐವಿ ಎಂದರೆ ಬೆಚ್ಚಿಬೀಳುವ ನಾವು ಬಿ ಹೆಸರು ಕೇಳಿದರೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಡಿ ಬಗ್ಗೆ ಯಾರೂ ಮಾತಾಡುವುದಿಲ್ಲವಲ್ಲ?

ಡಿ ಸ್ವತಂತ್ರವಾಗಿ ಬದುಕಲಾರದ ವೈರಸ್. ಬಿ ವೈರಸ್‌ನ ಹೊರಕವಚವನ್ನು ಎರವಲು ಪಡೆದೇ ಅದು ಹರಡಬೇಕು. 1977ರಲ್ಲಿ ಇಟಲಿಯ ಮಾರಿಯೊ ರಿಝೆಟ್ಟೊ ಇದನ್ನು ಮೊದಲು ಗುರುತಿಸಿದರು. ಬಿ ಇರುವವರಿಗೆ ಡಿ ಕೂಡ ಸೇರಿಕೊಂಡರೆ ಯಕೃತ್ತು ಬೇಗ ಹಾಳಾಗುತ್ತದೆ. ಸಮಾಧಾನದ ವಿಷಯವೆಂದರೆ ಬಿ ಲಸಿಕೆ ಹಾಕಿಸಿಕೊಂಡರೆ ಡಿ ಕೂಡ ಹತ್ತಿರ ಸುಳಿಯುವುದಿಲ್ಲ.

ಮನೆಯಲ್ಲಿ ಒಬ್ಬರಿಗೆ ಬಿ ಅಥವಾ ಸಿ ಇದೆ. ತಟ್ಟೆ, ಲೋಟ ಬೇರೆ ಇಡಬೇಕೇ?

ಬೇಡ. ಒಟ್ಟಿಗೆ ಕೂತು ಉಣ್ಣುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ, ಕೈ ಕುಲುಕುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮು ಸೀನಿನಿಂದ, ಸೊಳ್ಳೆ ಕಚ್ಚುವುದರಿಂದ ಬಿ ಮತ್ತು ಸಿ ಹರಡುವುದಿಲ್ಲ. ರಿಪೋರ್ಟ್ ಬಂದ ದಿನದಿಂದ ಮನೆಯಲ್ಲೇ ಮೂಲೆಗುಂಪಾದವರನ್ನು ನಾನು ಕಂಡಿದ್ದೇನೆ. ಅವರ ತಟ್ಟೆ ಬೇರೆ ಮಾಡಿದವರು ಹಲ್ಲಿನ ಬ್ರಷ್‌ಗಳನ್ನು ಮಾತ್ರ ಒಂದೇ ಲೋಟದಲ್ಲಿ ಇಟ್ಟಿದ್ದರು. ಬೇರೆ ಇಡಬೇಕಾದದ್ದು ರಕ್ತ ತಾಗುವ ವಸ್ತುಗಳನ್ನು: ರೇಜರ್, ಬ್ರಷ್, ಉಗುರು ಕತ್ತರಿ, ಸಕ್ಕರೆ ಕಾಯಿಲೆಯ ಸೂಜಿ. ಗಾಯಕ್ಕೆ ಪಟ್ಟಿ ಹಾಕಿ, ಚೆಲ್ಲಿದ ರಕ್ತವನ್ನು ಕೈಗವಸು ತೊಟ್ಟು ಬ್ಲೀಚ್ ದ್ರಾವಣದಿಂದ ಒರೆಸಿ. ಬಿ ಇದ್ದರೆ ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಲಿ. ಆಮೇಲೆ ಒಟ್ಟಿಗೇ ಕೂತು ಊಟ ಮಾಡಿ.

ಇಷ್ಟು ದೊಡ್ಡ ಕಾಯಿಲೆ ಇದ್ದರೂ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲವೇಕೆ?

ಮೂರು ಕಾರಣಗಳಿವೆ. ಯಕೃತ್ತಿನ ಒಳಭಾಗಕ್ಕೆ ನೋವು ತಿಳಿಯುವುದಿಲ್ಲ, ಹೊರಗಿನ ತೆಳು ಪೊರೆ ಹಿಗ್ಗಿದಾಗ ಮಾತ್ರ ಬಲಪಕ್ಕೆಯ ಕೆಳಗೆ ಭಾರ ಅನಿಸುತ್ತದೆ. ಎರಡನೆಯದು, ಅದಕ್ಕೆ ಅಪಾರ ಮೀಸಲು ಶಕ್ತಿ ಇದೆ. ಒಂದು ಭಾಗ ಹಾಳಾದರೂ ಉಳಿದ ಭಾಗ ಆ ಕೆಲಸವನ್ನೂ ಹೊತ್ತುಕೊಂಡು ಹೋಗುತ್ತದೆ. ಮೂರನೆಯದು ಸ್ವಲ್ಪ ವಿಚಿತ್ರ: ಬಿ ವೈರಸ್ ಯಕೃತ್ತಿನ ಕೋಶಗಳನ್ನು ತಾನಾಗಿ ಕೊಲ್ಲುವುದಿಲ್ಲ. ಕೋಶದೊಳಗೆ ಕೂತು ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತಿರುತ್ತದೆ. ವೈರಸ್ ಇರುವ ಕೋಶವನ್ನು ಗುರುತಿಸಿ ಹೊಡೆಯುವುದು ನಮ್ಮದೇ ಬಿಳಿ ರಕ್ತಕಣ. ಆ ಹೊಡೆತ ಜೋರಾದರೆ ಕಾಮಾಲೆ, ಸುಸ್ತು, ವಾಂತಿ. ಹೊಡೆತವೇ ಇಲ್ಲದಿದ್ದರೆ ವೈರಸ್ ಸದ್ದಿಲ್ಲದೆ ಉಳಿದುಬಿಡುತ್ತದೆ.

ವಯಸ್ಸಿನ ಲೆಕ್ಕ ಇಲ್ಲೇ ಬರುತ್ತದೆ. ದೊಡ್ಡವರಿಗೆ ಬಿ ತಗುಲಿದರೆ ಅದು ಶಾಶ್ವತವಾಗಿ ಉಳಿಯುವುದು 100ರಲ್ಲಿ 5ಕ್ಕಿಂತ ಕಡಿಮೆ ಮಂದಿಯಲ್ಲಿ. ಹುಟ್ಟುವಾಗಲೇ ತಗುಲಿದ ಕೂಸುಗಳಲ್ಲಿ 10ಕ್ಕೆ 9ರಲ್ಲಿ ಉಳಿದುಬಿಡುತ್ತದೆ. ಆ ಎಳೆಯ ದೇಹಕ್ಕೆ ವೈರಸ್ ಪರಕೀಯ ಅನ್ನುವುದೇ ತಿಳಿಯುವುದಿಲ್ಲ. ಸಿ ಬೇರೆ ಥರ. ಯಾವ ವಯಸ್ಸಿನಲ್ಲಿ ಬಂದರೂ ಸುಮಾರು 10ಕ್ಕೆ 7 ಮಂದಿಯಲ್ಲಿ ತಳವೂರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಜಗತ್ತಿನಲ್ಲಿ 25.4 ಕೋಟಿ ಜನರಿಗೆ ದೀರ್ಘಕಾಲದ ಹೆಪಟೈಟಿಸ್ ಬಿ, 5 ಕೋಟಿ ಜನರಿಗೆ ಸಿ ಇದೆ. ಬಿ ಇರುವವರಲ್ಲಿ ರೋಗ ಪತ್ತೆಯಾಗಿರುವುದು 100ಕ್ಕೆ 13 ಮಂದಿಯಲ್ಲಿ ಮಾತ್ರ. ಆ ಒಂದೇ ವರ್ಷದಲ್ಲಿ ವೈರಲ್ ಹೆಪಟೈಟಿಸ್‌ನಿಂದ ಸುಮಾರು 13 ಲಕ್ಷ ಜನ ತೀರಿಕೊಂಡರು.

ವರ್ಷಗಟ್ಟಲೆ ವೈರಸ್ ಉಳಿದರೆ ಯಕೃತ್ತಿಗೆ ಏನಾಗುತ್ತದೆ?

ಮೊಣಕೈ ತರಚಿದಾಗ ಗಾಯ ಮಾಯ್ದು ಕಲೆ ಉಳಿಯುತ್ತದಲ್ಲ, ಯಕೃತ್ತಿನೊಳಗೂ ಹಾಗೇ. ಒಮ್ಮೆ ಗಾಯವಾದರೆ ಅದು ಹೊಸ ಕೋಶಗಳನ್ನು ಬೆಳೆಸಿಕೊಂಡು ಮೊದಲಿನಂತಾಗುತ್ತದೆ. ಆದರೆ ದಿನವೂ ಸಣ್ಣ ಸಣ್ಣ ಗಾಯವಾಗುತ್ತಲೇ ಇದ್ದರೆ, ಒಳಗಿನ ನಕ್ಷತ್ರಾಕಾರದ ಕೆಲವು ಕೋಶಗಳು ಎಚ್ಚೆತ್ತು ನಾರಿನಂಥ ಕೊಲಾಜೆನ್ ಹೆಣೆಯತೊಡಗುತ್ತವೆ. ಇದಕ್ಕೆ ಫೈಬ್ರೋಸಿಸ್ ಎನ್ನುತ್ತಾರೆ. ನಾರು ಹೆಚ್ಚುತ್ತ ಹೋಗಿ, ನಡುವೆ ಉಳಿದ ಕೋಶಗಳು ಗಂಟುಗಂಟಾಗಿ ಬೆಳೆದರೆ ಅದು ಸಿರೋಸಿಸ್. ಆರೋಗ್ಯವಂತ ಯಕೃತ್ತು ನುಣುಪಾಗಿ, ಮೆತ್ತಗೆ, ಕಂದುಗೆಂಪಾಗಿ ಇರುತ್ತದೆ. ಸಿರೋಸಿಸ್ ಆದದ್ದು ಕುಗ್ಗಿ, ಗಟ್ಟಿಯಾಗಿ, ಮೇಲ್ಮೈ ತುಂಬ ಕಾಳು ಹರಡಿದಂತೆ ಒರಟಾಗಿರುತ್ತದೆ. ಸಿ ಸೋಂಕು ಉಳಿದವರಲ್ಲಿ 100ಕ್ಕೆ 15ರಿಂದ 30 ಮಂದಿಗೆ 20 ವರ್ಷದೊಳಗೆ ಈ ಸ್ಥಿತಿ ಬರಬಹುದು.

ಆಮೇಲಿನದೆಲ್ಲ ಒಂದರ ಹಿಂದೊಂದು ಬರುತ್ತದೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಯಕೃತ್ತಿನ ಮೂಲಕ ಹರಿಯುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಕರುಳು ಮತ್ತು ಗುಲ್ಮದ ಕಡೆಯಿಂದ ಬಂದದ್ದು. ಅಂಗ ಗಟ್ಟಿಯಾದರೆ ಆ ರಕ್ತಕ್ಕೆ ದಾರಿ ಸಿಗದೆ ಒತ್ತಡ ಏರುತ್ತದೆ. ರಕ್ತ ಅಡ್ಡದಾರಿ ಹಿಡಿದು ಅನ್ನನಾಳದ ತೆಳು ರಕ್ತನಾಳಗಳಿಗೆ ನುಗ್ಗುತ್ತದೆ. ಅವು ಉಬ್ಬಿ ಒಡೆದರೆ ರಕ್ತವಾಂತಿ. ಅದೇ ಒತ್ತಡದ ಜೊತೆ ಆಲ್ಬುಮಿನ್ ಎಂಬ ಪ್ರೋಟೀನಿನ ಕೊರತೆಯೂ ಸೇರಿದರೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಾಲು ಊದುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಕಮ್ಮಿಯಾಗಿ ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತದೆ. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಯಕೃತ್ತು ಯೂರಿಯಾ ಆಗಿ ಬದಲಿಸಬೇಕು. ಅದೂ ಆಗದಿದ್ದರೆ ವಿಷ ಮೆದುಳಿಗೇರುತ್ತದೆ. ಮನೆಯವರು ಮೊದಲು ಗಮನಿಸುವುದು ಇದನ್ನೇ: ಹಗಲೆಲ್ಲ ತೂಕಡಿಕೆ, ರಾತ್ರಿ ನಿದ್ದೆ ಇಲ್ಲ, ಸಹಿ ವಕ್ರವಾಗುತ್ತದೆ, ಮುಂದಕ್ಕೆ ಚಾಚಿದ ಕೈ ಮಣಿಕಟ್ಟಿನಲ್ಲಿ ತಟತಟ ಬಡಿಯುತ್ತದೆ. ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಯಕೃತ್ತಿನ ಕ್ಯಾನ್ಸರ್ ಬಂದೇ ಬರುತ್ತದೆಯೇ?

ಬಂದೇ ಬರುತ್ತದೆ ಎಂದಿಲ್ಲ, ಆದರೆ ಅಪಾಯ ಹೆಚ್ಚು. ಸಿ ಇರುವವರಲ್ಲಿ ಸಾಮಾನ್ಯವಾಗಿ ಸಿರೋಸಿಸ್ ಆದ ಮೇಲೆ ಕ್ಯಾನ್ಸರ್ ಬರುತ್ತದೆ. ಬಿ ಹಾಗಲ್ಲ. ಅದರ ಡಿಎನ್‌ಎ ತುಣುಕುಗಳು ನಮ್ಮ ಕೋಶದ ಡಿಎನ್‌ಎ ಒಳಗೇ ಸೇರಿಕೊಳ್ಳುವುದರಿಂದ ಸಿರೋಸಿಸ್ ಇಲ್ಲದೆಯೂ ಬರಬಹುದು. ಅದಕ್ಕಾಗಿ ಅಪಾಯ ಇರುವವರಿಗೆ ಪ್ರತಿ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಲು ಹೇಳುತ್ತಾರೆ. ಗಡ್ಡೆ ಚಿಕ್ಕದಿರುವಾಗ ಸಿಕ್ಕರೆ ತೆಗೆದುಹಾಕಬಹುದು.

ರಿಪೋರ್ಟ್‌ನಲ್ಲಿ ಏನೇನೋ ಅಕ್ಷರಗಳಿವೆ. ಓದುವುದು ಹೇಗೆ?

ಎಚ್‌ಬಿಎಸ್‌ಎಜಿ ಪಾಸಿಟಿವ್ ಅಂದರೆ ಬಿ ವೈರಸ್ ಈಗ ಮೈಯಲ್ಲಿದೆ. ಅದೇ 6 ತಿಂಗಳ ನಂತರವೂ ಪಾಸಿಟಿವ್ ಇದ್ದರೆ ದೀರ್ಘಕಾಲದ ಸೋಂಕು. ಆಂಟಿ-ಎಚ್‌ಬಿಎಸ್ ಅಂದರೆ ರಕ್ಷಣೆ, 10 ಅಥವಾ ಹೆಚ್ಚು ಇದ್ದರೆ ಸಂತೋಷಪಡಿ. ಅದನ್ನೂ 'ಪಾಸಿಟಿವ್' ಎಂದು ಬರೆದಿರುವುದನ್ನು ನೋಡಿ ಅತ್ತವರಿದ್ದಾರೆ, ದಯವಿಟ್ಟು ಹೆಸರನ್ನು ಪೂರ್ತಿ ಓದಿ. ಆಂಟಿ-ಎಚ್‌ಬಿಸಿ ಅಂದರೆ ಜೀವನದಲ್ಲಿ ಎಂದಾದರೂ ಬಿ ಬಂದಿತ್ತು ಅನ್ನುವ ಸುಳಿವು, ಬರೀ ಲಸಿಕೆಯಿಂದ ಅದು ಬರುವುದಿಲ್ಲ. ಎಚ್‌ಬಿವಿ ಡಿಎನ್‌ಎ ವೈರಸ್‌ನ ಪ್ರಮಾಣ ಹೇಳುತ್ತದೆ.

ಸಿಗೆ ಎರಡು ಮೆಟ್ಟಿಲು. ಆಂಟಿ-ಎಚ್‌ಸಿವಿ ಪಾಸಿಟಿವ್ ಆದರೆ ವೈರಸ್ ಎಂದೋ ಬಂದಿತ್ತು ಎಂದಷ್ಟೇ. ತಾನಾಗಿ ಗುಣವಾದವರಲ್ಲೂ, ಔಷಧಿಯಿಂದ ಗುಣವಾದವರಲ್ಲೂ ಅದು ಪಾಸಿಟಿವ್ ಆಗಿಯೇ ಉಳಿಯುತ್ತದೆ. ಈಗ ಇದೆಯೇ ಎಂದು ಹೇಳುವುದು ಎಚ್‌ಸಿವಿ ಆರ್‌ಎನ್‌ಎ. ಮೊದಲ ಪರೀಕ್ಷೆಯಲ್ಲೇ ನಿಂತುಬಿಡಬೇಡಿ. ಇನ್ನು ಎಸ್‌ಜಿಪಿಟಿ (ಯಕೃತ್ತಿನ ಕೋಶಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ನಾರ್ಮಲ್ ಇದೆ ಎಂದು ನೆಮ್ಮದಿಯಿಂದ ಮನೆಗೆ ಹೋಗುವವರಿಗೆ ಒಂದು ಮಾತು: ಸಿರೋಸಿಸ್ ಆದವರಲ್ಲೂ ಅದು ನಾರ್ಮಲ್ ಇರಬಹುದು. ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂದು ಫೈಬ್ರೋಸ್ಕ್ಯಾನ್ ಎಂಬ, ಸೂಜಿ ಚುಚ್ಚದ ಪರೀಕ್ಷೆಯಿಂದ ಅಳೆಯಬಹುದು.

ಗುಣವಾಗುತ್ತದೆಯೇ?

ಸಿ ಗುಣವಾಗುತ್ತದೆ. ಇದನ್ನು ಬರೆಯುವಾಗ ನನಗೆ ಈಗಲೂ ಖುಷಿಯಾಗುತ್ತದೆ. ಮೊದಲು ಇಂಟರ್‌ಫೆರಾನ್ ಚುಚ್ಚುಮದ್ದನ್ನು ತಿಂಗಳುಗಟ್ಟಲೆ ಕೊಡುತ್ತಿದ್ದರು. ಜ್ವರ, ಮೈಕೈ ನೋವು, ಖಿನ್ನತೆ ಎಲ್ಲ ಅನುಭವಿಸಿಯೂ ಎಷ್ಟೋ ಜನರಿಗೆ ಫಲ ಸಿಗುತ್ತಿರಲಿಲ್ಲ. ಈಗ ಸೋಫೋಸ್ಬುವಿರ್, ಡಕ್ಲಾಟಾಸ್ವಿರ್‌ನಂಥ ಮಾತ್ರೆಗಳನ್ನು ಸಾಮಾನ್ಯವಾಗಿ 12 ವಾರ ತೆಗೆದುಕೊಂಡರೆ 100ಕ್ಕೆ 95ಕ್ಕಿಂತ ಹೆಚ್ಚು ಮಂದಿಗೆ ವೈರಸ್ ಪೂರ್ತಿ ಹೋಗುತ್ತದೆ. ಈ ವೈರಸ್ ಪತ್ತೆಯಾದದ್ದು 1989ರಲ್ಲಿ. ಆ ಪತ್ತೆಗಾಗಿ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂತು. ಗುಣವಾದವರಿಗೆ ಮತ್ತೆ ಸೋಂಕು ತಗುಲಬಹುದು ಅನ್ನುವುದು ಮಾತ್ರ ನೆನಪಿರಲಿ. ಸಿ ಮಾತ್ರೆ ಶುರುಮಾಡುವ ಮುಂಚೆ ಬಿ ಪರೀಕ್ಷೆ ಆಗಿದೆಯೇ ಎಂದೂ ಕೇಳಿ, ಸಿ ಹೋಗುವಾಗ ಅಡಗಿದ್ದ ಬಿ ಕೆರಳಬಹುದು.

ಬಿ ಸದ್ಯಕ್ಕೆ ಹತೋಟಿಗೆ ಬರುತ್ತದೆ, ಪೂರ್ತಿ ಹೋಗುವುದು ಅಪರೂಪ. ವೈರಸ್‌ನ ಡಿಎನ್‌ಎ ಯಕೃತ್ತಿನ ಕೋಶಕೇಂದ್ರದಲ್ಲಿ ಉಂಗುರದಂತೆ ಸುತ್ತಿಕೊಂಡು ಅಡಗಿರುತ್ತದೆ, ಈಗಿನ ಔಷಧಿ ಅಲ್ಲಿಯವರೆಗೆ ತಲುಪುವುದಿಲ್ಲ. ಆದರೆ ಟೆನೋಫೋವಿರ್ ಅಥವಾ ಎಂಟೆಕಾವಿರ್ ದಿನಕ್ಕೊಂದು ಮಾತ್ರೆ ವೈರಸ್ ಬೆಳೆಯದಂತೆ ತಡೆಯುತ್ತದೆ, ನಾರು ಕಟ್ಟಿದ್ದು ಎಷ್ಟೋ ಕರಗುತ್ತದೆ, ಕ್ಯಾನ್ಸರ್ ಅಪಾಯ ಇಳಿಯುತ್ತದೆ. ಬಿ ಇರುವವರೆಲ್ಲರಿಗೂ ತಕ್ಷಣ ಮಾತ್ರೆ ಬೇಕಾಗುವುದಿಲ್ಲ, ಆದರೆ ಎಲ್ಲರಿಗೂ ತಪಾಸಣೆ ಬೇಕು. ಶುರುಮಾಡಿದ ಮಾತ್ರೆಯನ್ನು 'ಈಗ ಚೆನ್ನಾಗಿದ್ದೇನೆ' ಎಂದು ನೀವಾಗಿ ನಿಲ್ಲಿಸಬೇಡಿ. ವೈರಸ್ ಒಮ್ಮೆಲೇ ಹೆಡೆಯೆತ್ತಿ ಯಕೃತ್ತು ವಿಫಲವಾಗಬಹುದು.

ಲಸಿಕೆ ಯಾವುದಕ್ಕಿದೆ?

ಎ ಮತ್ತು ಬಿಗೆ ಇದೆ. ಸಿಗೆ ಇಲ್ಲ, ಅದು ರೂಪ ಬದಲಿಸುತ್ತಲೇ ಇರುತ್ತದೆ. ಬರೂಕ್ ಬ್ಲಂಬರ್ಗ್ 1960ರ ದಶಕದಲ್ಲಿ ಬಿ ವೈರಸ್‌ನ ಜಾಡು ಹಿಡಿದರು, 1976ರಲ್ಲಿ ನೊಬೆಲ್ ಪಡೆದರು. ಅವರ ಹುಟ್ಟುಹಬ್ಬ ಜುಲೈ 28, ಅದೇ ಈಗ ವಿಶ್ವ ಹೆಪಟೈಟಿಸ್ ದಿನ. ತೈವಾನ್ 1984ರಲ್ಲಿ ಕೂಸುಗಳಿಗೆ ಬಿ ಲಸಿಕೆ ಶುರುಮಾಡಿತು, ಮುಂದೆ ಅಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಇಳಿಯಿತು. ಲಸಿಕೆಯಿಂದ ಕ್ಯಾನ್ಸರ್ ತಡೆಯಬಹುದು ಎಂದು ತೋರಿಸಿಕೊಟ್ಟದ್ದು ಇದೇ.

ತಾಯಿಗೆ ಬಿ ಇದೆ. ಮಗುವಿಗೆ ಬಾರದಂತೆ ತಡೆಯಬಹುದೇ?

ಬಹುಪಾಲು ತಡೆಯಬಹುದು. ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ, ಸಿಗುವ ಕಡೆ ಅದರ ಜೊತೆಗೆ ಹೆಪಟೈಟಿಸ್ ಬಿ ಇಮ್ಯುನೊಗ್ಲೋಬ್ಯುಲಿನ್, ಆಮೇಲೆ ಉಳಿದ ಲಸಿಕೆಗಳು ಸಮಯಕ್ಕೆ ಸರಿಯಾಗಿ. ತಾಯಿಯ ವೈರಸ್ ಪ್ರಮಾಣ ಹೆಚ್ಚಿದ್ದರೆ ಗರ್ಭಿಣಿಯಿರುವಾಗಲೇ ಟೆನೋಫೋವಿರ್ ಕೊಡುತ್ತಾರೆ. ಎದೆಹಾಲು ಕುಡಿಸಬಹುದು. ಇಲ್ಲಿ ಗಂಟೆಗಳ ಲೆಕ್ಕವೇ ಮುಖ್ಯ, ಹೆರಿಗೆಗೆ ಹೋಗುವ ಮುಂಚೆಯೇ ವೈದ್ಯರ ಹತ್ತಿರ ಮಾತಾಡಿಟ್ಟುಕೊಳ್ಳಿ.

ಪಥ್ಯ, ಮದ್ಯ, ಗಿಡಮೂಲಿಕೆ?

ಮದ್ಯ ಒಂದು ಹನಿಯೂ ಬೇಡ. ವೈರಸ್ ಮತ್ತು ಮದ್ಯ ಸೇರಿದರೆ ಹಾನಿ ಬಲು ಬೇಗ. ಊಟ ಎಲ್ಲರಂತೆ ಮಾಡಿ, ಪ್ರೋಟೀನ್ ಬಿಡಬೇಡಿ, ಹೊಟ್ಟೆಯಲ್ಲಿ ನೀರು ತುಂಬಿದವರು ಉಪ್ಪು ಕಡಿಮೆ ಮಾಡಿ. ಪ್ಯಾರಾಸಿಟಮಾಲ್ ಮಿತಿಮೀರಿದರೆ ಆರೋಗ್ಯವಂತ ಯಕೃತ್ತನ್ನೂ ಹಾಳುಮಾಡುತ್ತದೆ, ಎಷ್ಟು ತೆಗೆದುಕೊಳ್ಳಬಹುದು ಎಂದು ಕೇಳಿಯೇ ತೆಗೆದುಕೊಳ್ಳಿ. ಗಿಡಮೂಲಿಕೆಯಿಂದ ಕಾಮಾಲೆ ವಾಸಿಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಎ ಆಗಲಿ ಇ ಆಗಲಿ ತಾನಾಗಿಯೇ ಇಳಿಯುವ ಕಾಯಿಲೆ, ಏನೂ ಕೊಡದಿದ್ದರೂ ಬಹುತೇಕ ಇಳಿಯುತ್ತಿತ್ತು. ಆದರೆ ಹಳದಿ ಇಳಿಯಿತೆಂದು ಬಿ ಇದೆಯೋ ಇಲ್ಲವೋ ನೋಡದೆ ಬಿಟ್ಟರೆ ಹತ್ತಾರು ವರ್ಷ ಕಳೆದುಹೋಗುತ್ತವೆ. ಕೆಲವು ಬೇರು, ಪುಡಿಗಳು ಯಕೃತ್ತಿಗೇ ವಿಷವಾಗುವುದೂ ಉಂಟು.

ಇವತ್ತು ಪಾಸಿಟಿವ್ ಬಂದಿದೆ. ಈಗಲೇ ಏನು ಮಾಡಲಿ?

ಮೊದಲು ಉಸಿರು ಬಿಟ್ಟು ಕೂತುಕೊಳ್ಳಿ. ಈ ವಾರದೊಳಗೆ ಯಕೃತ್ತಿನ ವೈದ್ಯರನ್ನೋ ಸಾಮಾನ್ಯ ವೈದ್ಯರನ್ನೋ ಕಾಣಲು ದಿನ ಗೊತ್ತುಮಾಡಿ. ರಕ್ತದಾನ ಬೇಡ. ಸಂಗಾತಿಗೆ ವಿಷಯ ಹೇಳಿ, ಬಿ ಇದ್ದರೆ ಅವರ ಲಸಿಕೆಯ ಲೆಕ್ಕ ಸರಿಯಾಗುವವರೆಗೆ ಕಾಂಡೋಮ್ ಬಳಸಿ. ದಂತವೈದ್ಯರಿಗೂ, ಮುಂದೆಂದಾದರೂ ಕೀಮೋಥೆರಪಿ ಅಥವಾ ಸ್ಟೀರಾಯ್ಡ್ ಕೊಡುವವರಿಗೂ ತಿಳಿಸಿ, ರೋಗನಿರೋಧಕ ಶಕ್ತಿ ಕುಗ್ಗಿದಾಗ ಮಲಗಿದ್ದ ಬಿ ಏಳುತ್ತದೆ. ಮತ್ತೆ, ಕೈಯಲ್ಲಿರುವ ಈ ಕಾಗದವನ್ನು ಬೇಸರದಲ್ಲಿ ಹರಿದು ಹಾಕಬೇಡಿ. ಅದರ ಮೇಲಿನ ದಿನಾಂಕ ವೈದ್ಯರಿಗೆ ಬೇಕು. 6 ತಿಂಗಳನ್ನು ಅಲ್ಲಿಂದಲೇ ಎಣಿಸುತ್ತಾರೆ.